ಇನ್ನೂರು ಮೆಗಾಹರ್ಟ್ಸ್‌ಗಾಗಿ ಎಸ್‌ಪಿ ರೋಡಿಗೆ?

ಸಿದ್ದರಬೆಟ್ಟ ಹತ್ತಿದವರಿಗೆಲ್ಲ ಇದು ಗೊತ್ತು: ಆರಂಭದ ಮೆಟ್ಟಿಲುಗಳು ಹರಟೆಯಲ್ಲೇ ಮುಗಿದುಹೋಗುತ್ತವೆ. ಸಿದ್ಧೇಶ್ವರನ ಗವಿ ಹತ್ತಿರವಾದಂತೆ ಮಾತು ನಿಲ್ಲುತ್ತದೆ, ಒಂದೊಂದು ಮೆಟ್ಟಿಲಿಗೂ ಮಂಡಿ ಹಿಡಿದುಕೊಳ್ಳಬೇಕಾಗುತ್ತದೆ. ಕಳೆದ ಏಪ್ರಿಲ್‌ನಲ್ಲಿ ಹಾಗೆ ಬಂಡೆಯ ನೆರಳಲ್ಲಿ ಉಸಿರು ತಿರುಗಿಸಿಕೊಳ್ಳುತ್ತ ಕೂತಿದ್ದಾಗ ಜೊತೆಗಿದ್ದ ಮಧುಗಿರಿಯ ಹುಡುಗ ಕೇಳಿದ: “ಅಣ್ಣ, ಪ್ರೊಸೆಸರ್ ಚೇಂಜ್ ಮಾಡ್ಬಿಡ್ಲಾ? ನಂದು ನಾಲ್ಕರ ಮೇಲೆ ಎತ್ತಲ್ಲ.”

ಈ ಬೆಟ್ಟದಲ್ಲಿ ಜನ ಸಾಮಾನ್ಯವಾಗಿ ಕೇಳುವುದು ಮಂಡಿನೋವಿಗೆ ಯಾವ ಬೇರು, ಸಕ್ಕರೆ ಕಾಯಿಲೆಗೆ ಯಾವ ಸೊಪ್ಪು ಎಂದು. ಇವನಿಗೆ ಬೇಕಾಗಿದ್ದದ್ದು ಕಂಪ್ಯೂಟರಿಗೆ ಮದ್ದು.

ಹುಡುಗ ಹಗಲು ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ, ರಾತ್ರಿ ಗೇಮ್ ಆಡುತ್ತಾನೆ. ಅವನ ಹತ್ತಿರ ಇರುವುದು ಎಎಂಡಿ ಕಂಪನಿಯ ರೈಜನ್ 5 2600, ಬಿ450 ಬೋರ್ಡಿನ ಮೇಲೆ. 2018ರಲ್ಲಿ ಬಂದ ಚಿಪ್. ಆರು ಕೋರ್, ಹನ್ನೆರಡು ಥ್ರೆಡ್. ಅದನ್ನು ಓವರ್‌ಕ್ಲಾಕ್ ಮಾಡಿ 4.0 ಗಿಗಾಹರ್ಟ್ಸ್‌ಗೆ ನಿಲ್ಲಿಸಿದ್ದಾನೆ. 4.1ಕ್ಕೆ ಏರಿಸಿದರೆ ರೆಂಡರ್ ಮಧ್ಯದಲ್ಲೇ ನೀಲಿ ಪರದೆ. ಬೆಂಗಳೂರಿನಲ್ಲಿರುವ ಗೆಳೆಯನದೂ ಅದೇ ಚಿಪ್, ಅದೇ ಬೋರ್ಡ್. ಅದು ಮಾತ್ರ 4.2ರಲ್ಲಿ ಸರಾಗವಾಗಿ ಓಡುತ್ತದಂತೆ. ಈಗ ಎಸ್‌ಪಿ ರೋಡಿನಲ್ಲಿ, ಅಂದರೆ ನಮ್ಮೂರುಗಳಿಂದ ಬಿಡಿಭಾಗಕ್ಕೆಂದು ಬಸ್ಸು ಹತ್ತುವವರೆಲ್ಲ ಕೊನೆಗೆ ಹೋಗಿ ನಿಲ್ಲುವ ಸಾದರ ಪತ್ರಪ್ಪ ರಸ್ತೆಯಲ್ಲಿ, ಇನ್ನೊಂದು ಸೆಕೆಂಡ್‌ಹ್ಯಾಂಡ್ 2600 ಇದೆ. ‘ಇದು 4.2 ಎತ್ತುತ್ತೆ, ಗ್ಯಾರಂಟಿ’ ಎಂದಿದ್ದಾರೆ. ಹಳೆಯದನ್ನು ಕೊಟ್ಟು ಮೇಲೆ ಒಂದಿಷ್ಟು ದುಡ್ಡು ಕಟ್ಟಿದರೆ ಆಯಿತು. ಬದಲಾಯಿಸುವುದೋ ಬೇಡವೋ?

ಬೇಡ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಇಬ್ಬರೂ ಗವಿ ಸೇರಿ, ಇಳಿದು, ಕೆಳಗೆ ಎಳನೀರು ಕುಡಿದಾಗಿತ್ತು. ಅದೇ ಪ್ರಶ್ನೆ ಇಟ್ಟುಕೊಂಡ ಹುಡುಗರು ಶಿರಾದಲ್ಲೂ ಕೊರಟಗೆರೆಯಲ್ಲೂ ಪಾವಗಡದಲ್ಲೂ ಇರುತ್ತಾರೆಂದು ಇಲ್ಲಿ ಬರೆಯುತ್ತಿದ್ದೇನೆ.

ಪ್ರೊಸೆಸರ್ ಒಂದು ತಾಳಕ್ಕೆ ಕೆಲಸ ಮಾಡುವ ಯಂತ್ರ. ಬೋರ್ಡಿನಿಂದ ಬರುವ ಮೂಲ ತಾಳ 100 ಮೆಗಾಹರ್ಟ್ಸ್. ಅದನ್ನು ಚಿಪ್ ತನ್ನೊಳಗೆ ಒಂದು ಗುಣಕದಿಂದ ಹೆಚ್ಚಿಸಿಕೊಳ್ಳುತ್ತದೆ. ಗುಣಕ 34 ಆದರೆ 3.4 ಗಿಗಾಹರ್ಟ್ಸ್, ಸೆಕೆಂಡಿಗೆ 340 ಕೋಟಿ ಸಲ ತಾಳ. ಆ ಗುಣಕವನ್ನು ಕಂಪನಿ ಹೇಳಿದ್ದಕ್ಕಿಂತ ಮೇಲೆ ತಿರುಗಿಸುವುದೇ ಓವರ್‌ಕ್ಲಾಕ್. ಒಂದು ಹಂತದವರೆಗೆ ಚಿಪ್ ಸುಮ್ಮನೆ ಕೇಳುತ್ತದೆ. ಆಮೇಲೆ ಟ್ರಾನ್ಸಿಸ್ಟರ್‌ಗಳಿಗೆ ಮುಂದಿನ ತಾಳ ಬೀಳುವುದರೊಳಗೆ ಹಿಂದಿನ ಲೆಕ್ಕ ಮುಗಿಸಲು ಪುರುಸೊತ್ತು ಸಾಲುವುದಿಲ್ಲ. ಆಗ ವೋಲ್ಟೇಜ್ ಏರಿಸಬೇಕು. ಎಲ್ಲ ತಾಪತ್ರಯ ಶುರುವಾಗುವುದು ಅಲ್ಲಿಂದಲೇ.

ಒಂದೇ ಹೆಸರಿನ ಎರಡು ಚಿಪ್‌ಗಳು ಬೇರೆಬೇರೆ ಎತ್ತರ ಮುಟ್ಟುವುದು ಯಾಕೆ ಎನ್ನುವುದನ್ನು ಪಾವಗಡ, ಶಿರಾ ಕಡೆಯವರಿಗೆ ವಿವರಿಸುವುದು ಸುಲಭ. ಒಂದೇ ಹೊಲ, ಒಂದೇ ಬಿತ್ತನೆ ಬೀಜ, ಒಂದೇ ಮಳೆ. ಆದರೂ ಕಿತ್ತ ಕಡಲೆಗಿಡದಲ್ಲಿ ಒಂದು ಕಾಯಿ ಗಟ್ಟಿ, ಪಕ್ಕದ್ದು ಜಳ್ಳು. ಸಿಲಿಕಾನ್ ಬಿಲ್ಲೆಯ ಮೇಲೂ ಹಾಗೆ. ನೂರಾರು ಚಿಪ್‌ಗಳು ಒಟ್ಟಿಗೆ ಬೆಳೆಯುತ್ತವೆ. ಕೆಲವು ಕಡಿಮೆ ವೋಲ್ಟೇಜಿಗೇ ಚುರುಕಾಗಿ ಓಡುತ್ತವೆ, ಕೆಲವಕ್ಕೆ ಹೆಚ್ಚು ಉಣಿಸಬೇಕು. ಓವರ್‌ಕ್ಲಾಕ್ ಮಾಡುವವರು ಇದಕ್ಕೆ ‘ಸಿಲಿಕಾನ್ ಲಾಟರಿ’ ಎನ್ನುತ್ತಾರೆ. ಆದರೆ ಈ ಲಾಟರಿಯಲ್ಲಿ ಒಂದು ಮೋಸವಿದೆ. ಚೀಲ ನಮ್ಮ ಕೈಗೆ ಬರುವ ಮೊದಲೇ ಮಂಡಿಯವರು ಕಾಯಿ ಆರಿಸಿಬಿಟ್ಟಿರುತ್ತಾರೆ. ಕಾರ್ಖಾನೆಯಲ್ಲಿ ಪ್ರತಿ ಚಿಪ್ಪನ್ನೂ ಪರೀಕ್ಷಿಸಿ, ಗಟ್ಟಿಯಾದವನ್ನು 2600ಎಕ್ಸ್, 2700ಎಕ್ಸ್ ಎಂಬ ದುಬಾರಿ ಹೆಸರಿನಲ್ಲಿ ಮಾರಿ, ಉಳಿದವಕ್ಕೆ ಬರೀ 2600 ಎಂದು ಅಚ್ಚು ಹಾಕುವುದೇ ವಾಡಿಕೆ. ಉಳಿದ ರಾಶಿಯಲ್ಲಿ ಗಟ್ಟಿಕಾಯಿ ಸಿಗುವುದೇ ಇಲ್ಲವೆಂದಲ್ಲ. ಅದನ್ನು ಹುಡುಕುವುದಕ್ಕಾಗಿಯೇ ಇನ್ನೊಂದು ಚೀಲ ಕೊಳ್ಳುವುದಿದೆಯಲ್ಲ, ಅದು ಜೂಜು.

ಈ ಜೂಜು ಲಾಭದಾಯಕವಾಗಿದ್ದ ಕಾಲವೂ ಒಂದಿತ್ತು. 1998ರಲ್ಲಿ ಇಂಟೆಲ್ ‘ಸೆಲೆರಾನ್ 300ಎ’ ಎಂಬ ಅಗ್ಗದ ಚಿಪ್ ಬಿಟ್ಟಿತು. ಅದರ ಗುಣಕ 4.5, ತಾಳ 66 ಮೆಗಾಹರ್ಟ್ಸ್, ಒಟ್ಟು 300. ಗುಣಕಕ್ಕೆ ಬೀಗ ಹಾಕಿದ್ದರು, ತಾಳಕ್ಕೆ ಹಾಕಿರಲಿಲ್ಲ. ಬೋರ್ಡಿನ ತಾಳವನ್ನು 100ಕ್ಕೆ ತಿರುಗಿಸಿದರೆ ಅದೇ ಚಿಪ್ 450ರಲ್ಲಿ ಓಡುತ್ತಿತ್ತು, ಅದೂ ಎಷ್ಟೋ ಸಲ ವೋಲ್ಟೇಜನ್ನು ಮುಟ್ಟದೆಯೇ. ಬಡವರ ಚಿಪ್ ಹೋಗಿ ಸಿರಿವಂತರ ಪೆಂಟಿಯಮ್ 2ರ ಪಕ್ಕ ಕೂತಿತ್ತು. ಒಂದೂವರೆ ಪಟ್ಟು! ಆ ದಿನಗಳಲ್ಲಿ ‘ಇದು ಎತ್ತಲ್ಲ, ಬೇರೆ ಚಿಪ್ ತರೋಣ’ ಎಂದವನನ್ನು ಯಾರೂ ಹುಚ್ಚ ಎನ್ನುತ್ತಿರಲಿಲ್ಲ.

ಆ ಸುಗ್ಗಿ ಮುಗಿದದ್ದು ಕಂಪನಿಗಳ ದುರಾಸೆಯಿಂದ ಮಾತ್ರವಲ್ಲ. ಗಿಗಾಹರ್ಟ್ಸ್ ಏರಿಸುತ್ತ ಹೋಗುವ ಓಟ 2004ರ ಹೊತ್ತಿಗೆ ಪೆಂಟಿಯಮ್ 4ರ 3.8ರಲ್ಲಿ ಶಾಖದ ಗೋಡೆಗೆ ಡಿಕ್ಕಿ ಹೊಡೆಯಿತು. ಅಲ್ಲಿಂದಾಚೆ ಉದ್ದಿಮೆ ವೇಗ ಬಿಟ್ಟು ಕೋರ್‌ಗಳ ಹಿಂದೆ ಬಿತ್ತು. 2008ರಲ್ಲಿ ಇಂಟೆಲ್ ಹೊರತಂದ ಆರು ಕೋರ್‌ಗಳ ಸರ್ವರ್ ಚಿಪ್ ‘ಡನಿಂಗ್ಟನ್’ 2.66 ಗಿಗಾಹರ್ಟ್ಸ್‌ ದಾಟಲಿಲ್ಲ, ನಾಲ್ಕು ವರ್ಷ ಹಳೆಯ ಪೆಂಟಿಯಮ್‌ಗಿಂತ ಒಂದು ಗಿಗಾಹರ್ಟ್ಸ್‌ಗೂ ಮಿಕ್ಕಿ ಕಡಿಮೆ. ಆದರೆ ಕೆಲಸದಲ್ಲಿ ಅದೆಲ್ಲಿ, ಇದೆಲ್ಲಿ. ಅಂದ ಹಾಗೆ ಆ ಡನಿಂಗ್ಟನ್ ವಿನ್ಯಾಸಗೊಂಡದ್ದು ನಮ್ಮ ಬೆಂಗಳೂರಿನಲ್ಲೇ.

ಈಗಿನ ಚಿಪ್‌ಗಳು ಇನ್ನೂ ಬುದ್ಧಿವಂತ. ಶಾಖ, ವಿದ್ಯುತ್ತು, ಕೆಲಸದ ಹೊರೆ ಎಲ್ಲವನ್ನೂ ಕ್ಷಣಕ್ಷಣ ಅಳೆದುಕೊಂಡು ತಮ್ಮ ವೇಗವನ್ನು ತಾವೇ ಏರಿಸಿ ಇಳಿಸುತ್ತವೆ. 2600ರ ಮೂಲ ವೇಗ 3.4 ಇದ್ದರೂ ಒಂದೆರಡು ಕೋರ್‌ಗಳಿಗಷ್ಟೇ ಕೆಲಸವಿದ್ದಾಗ ಅದು ತಾನಾಗಿ 3.9 ಮುಟ್ಟುತ್ತದೆ. ನಮ್ಮ ಹುಡುಗ ರಾತ್ರಿಯೆಲ್ಲ ನಿದ್ದೆಗೆಟ್ಟು ಸಾಧಿಸಿದ 4.0 ಅದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲೆ. ಮೊದಲು ಗಿರಾಕಿಗೆ ಬಿಟ್ಟಿಯಾಗಿ ಸಿಗುತ್ತಿದ್ದ ಮಿಗಿಲನ್ನು ಈಗ ಕಾರ್ಖಾನೆಯೇ ಹಿಂಡಿಕೊಂಡು, ಡಬ್ಬದ ಮೇಲೆ ಅಚ್ಚು ಹಾಕಿ ಮಾರುತ್ತದೆ.

ಇನ್ನು ಶಾಖದ ಲೆಕ್ಕ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ, ಹಾಗಾಗಿ ಸ್ವಲ್ಪ ತಾಳ್ಮೆಯಿರಲಿ. ಚಿಪ್ ನುಂಗುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಒಂದು ಉದಾಹರಣೆ ಹಿಡಿಯೋಣ. ಎಲ್ಲ ಕೋರ್‌ಗಳೂ 1.2 ವೋಲ್ಟ್‌ನಲ್ಲಿ 3.7ಕ್ಕೆ ಓಡುತ್ತಿವೆ. ಅದನ್ನು 4.1ಕ್ಕೆ ಎತ್ತಲು 1.38 ವೋಲ್ಟ್ ಬೇಕಾಯಿತು. ವೇಗ ಹೆಚ್ಚಿದ್ದು ಶೇ. 11. ವೋಲ್ಟೇಜ್ ಹೆಚ್ಚಿದ್ದು ಶೇ. 15, ಅದರ ವರ್ಗ ಶೇ. 32. ಎರಡನ್ನೂ ಗುಣಿಸಿದರೆ ಶಾಖ ಹೆಚ್ಚಿದ್ದು ಶೇ. 47ರ ಹತ್ತಿರ. ಹನ್ನೊಂದು ರೂಪಾಯಿ ಸಾಮಾನಿಗೆ ನಲವತ್ತೇಳು ರೂಪಾಯಿ. ಬೆಟ್ಟದ ಕೊನೆಯ ಮೆಟ್ಟಿಲುಗಳು ಅಂದೆನಲ್ಲ, ಇವೇ.

ಹುಟ್ಟಿದ ಶಾಖವನ್ನು ಫ್ಯಾನು ಹೊರಗೆ ತಳ್ಳುತ್ತದೆ, ನಿಜ. ಆದರೆ ಫ್ಯಾನು ಫ್ರಿಜ್ ಅಲ್ಲ. ಕೋಣೆಯ ಗಾಳಿಗಿಂತ ತಣ್ಣಗೆ ಅದು ಏನನ್ನೂ ಮಾಡಲಾರದು. ಮಾಮೂಲಿ ವೇಗದಲ್ಲಿ ಚಿಪ್ ಕೋಣೆಗಿಂತ 40 ಡಿಗ್ರಿ ಹೆಚ್ಚು ಕಾಯುತ್ತದೆ ಎಂದುಕೊಳ್ಳಿ. ಶಾಖ ಶೇ. 47 ಏರಿದರೆ ಆ 40 ಹೋಗಿ 59 ಆಗುತ್ತದೆ. ಬೆಂಗಳೂರಿನ ಗೆಳೆಯನ ಕೋಣೆ 26 ಡಿಗ್ರಿ. ಕೂಡಿದರೆ 85, ಚಿಂತೆಯಿಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ, ಬಿಸಿಲು ಕುಡಿದ ತಾರಸಿಯ ಕೆಳಗಿನ ಕೋಣೆ 36, ಕೂಡಿದರೆ 95. 2600 ತಡೆದುಕೊಳ್ಳುವ ಗರಿಷ್ಠ ಶಾಖವೂ 95 ಡಿಗ್ರಿಯೇ. ಅಲ್ಲಿಗೆ ಮುಟ್ಟಿದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಮುಟ್ಟುವ ಮೊದಲೇ ಲೆಕ್ಕ ತಪ್ಪಿ ನೀಲಿ ಪರದೆ ತೋರಿಸುವುದೂ ಉಂಟು.

ಅಂದರೆ ಗೆಳೆಯನ ಚಿಪ್ ಗಟ್ಟಿಕಾಯಿ, ಇವನದು ಜಳ್ಳು ಎಂದು ತೀರ್ಮಾನಿಸಲು ಆಧಾರವೇ ಇಲ್ಲ. ಇಬ್ಬರೂ ಚಿಪ್ ಅದಲುಬದಲು ಮಾಡಿಕೊಂಡರೆ ಆಗಲೂ ಬೆಂಗಳೂರಿನದೇ 4.2 ಓಡಬಹುದು. ಇವನ 2600 ಡಿಸೆಂಬರ್ ಬೆಳಗಿನ ಚಳಿಯಲ್ಲಿ 4.1 ಓಡಿದ್ದಿದೆಯಾ ಎಂದು ಕೇಳಿದೆ. ತುಸು ಯೋಚಿಸಿ, “ಹೂಂ, ಓಡಿತ್ತು” ಎಂದ. ಎಸ್‌ಪಿ ರೋಡಿನಿಂದ ಚಿಪ್ ತರಬಹುದು, ಬೆಂಗಳೂರಿನ ಹವೆಯನ್ನು ಡಬ್ಬದಲ್ಲಿ ಹಾಕಿ ಕೊಡುವವರು ಯಾರು?

ಸಿಲಿಕಾನ್‌ಗೆ ಬಿಸಿ ಆಗಿಬರುವುದಿಲ್ಲ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಪಾವಗಡದ ತಿರುಮಣಿಗೆ ಹೋದರೆ ಸಾಕು. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಬಿಸಿಲಿದ್ದಷ್ಟೂ ಕರೆಂಟು ಜಾಸ್ತಿ ಎಂದು ಹೊರಗಿನವರು ತಿಳಿಯುತ್ತಾರೆ. ಬೆಳಕಿದ್ದಷ್ಟೂ ಜಾಸ್ತಿ, ಸರಿ. ಬಿಸಿ ಏರಿದಷ್ಟೂ ಕಡಿಮೆ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಇಳುವರಿ ಸರಿಸುಮಾರು ಶೇ. 0.4ರಷ್ಟು ಕುಸಿಯುತ್ತದೆ. ನಡುಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದರೆ ಶೇ. 14 ಖೋತಾ. ಹುಡುಗನ ಡಬ್ಬದೊಳಗಿನ ಚಿಪ್ಪಿಗೂ ಆ ಪ್ಯಾನೆಲ್ಲಿಗೂ ಮೂಲವಸ್ತು ಒಂದೇ. ಪ್ಯಾನೆಲ್ ಇಳುವರಿ ಕಡಿಮೆ ಮಾಡುತ್ತದೆ; ಚಿಪ್ ಬಿಸಿಯಾದಷ್ಟೂ ಕೆಲಸವಿಲ್ಲದ ಟ್ರಾನ್ಸಿಸ್ಟರ್‌ಗಳಿಂದಲೂ ಕರೆಂಟು ಸೋರಿಸುತ್ತ ಇನ್ನಷ್ಟು ಬಿಸಿಯಾಗುತ್ತದೆ.

ಸರಿ, ಕಷ್ಟಪಟ್ಟು 4.2 ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. 4.0ರಿಂದ 4.2 ಎಂದರೆ ಶೇ. 5. ಒಂದು ಗಂಟೆ ಹಿಡಿಯುವ ಮದುವೆ ವಿಡಿಯೊ ಐವತ್ತೇಳು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಮೂರು ನಿಮಿಷದಲ್ಲಿ ಒಂದು ಟೀ.

ನಾನು ಅವನನ್ನು ಕೇಳಿದ್ದು ಬೇರೆ. ರೆಂಡರ್ ಆಗುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ್ದೀಯಾ? ನೋಡಿರಲಿಲ್ಲ. ಯಂತ್ರ ನಿಧಾನ ಎಂದ ಕೂಡಲೇ ಪ್ರೊಸೆಸರ್ ಮೇಲೆ ಗೂಬೆ ಕೂರಿಸುವುದು ನಮ್ಮೆಲ್ಲರ ಚಾಳಿ. ಬೋರ್‌ವೆಲ್‌ನಲ್ಲಿ ನೀರೇ ಕಡಿಮೆಯಿದ್ದಾಗ ದೊಡ್ಡ ಮೋಟರ್ ಇಳಿಸಿದಂತೆ. ಗೇಮ್ ಆಡುವವರಿಗೆ ಒಂದು ಸುಲಭದ ಪರೀಕ್ಷೆಯಿದೆ: ಪರದೆಯ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮುಗಳು ಚೆನ್ನಾಗಿ ಏರಿದರೆ ತಡೆದು ನಿಲ್ಲಿಸಿದ್ದದ್ದು ಗ್ರಾಫಿಕ್ಸ್ ಕಾರ್ಡ್. ಕದಲದಿದ್ದರೆ ಮಾತ್ರ ಪ್ರೊಸೆಸರ್. ಎಡಿಟಿಂಗ್ ಮಾಡುವವರು ಮೆಮೊರಿ ತುಂಬಿ ಹರಿದು, ಡಿಸ್ಕ್ ಶೇ. 100ಕ್ಕೆ ಕೂತಿದೆಯೇ ಎಂದು ನೋಡಬೇಕು.

ಮಾರನೆಯ ದಿನ ಅವನ ಅಂಗಡಿಗೆ ಹೋಗಿ ಡಬ್ಬ ಬಿಚ್ಚಿದೆವು. 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ. ಎರಡು ಕಡ್ಡಿ ಹಾಕಿದ್ದರೆ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ದತ್ತಾಂಶ ಬರುತ್ತಿತ್ತು. ಇಲ್ಲಿ ಅರ್ಧ ರಸ್ತೆ ಮುಚ್ಚಿದೆ. ಅದರ ಮೇಲೆ 3200 ಎಂದು ಬರೆದಿದೆ, ಓಡುತ್ತಿರುವುದು 2400ರಲ್ಲಿ. ಬಯಾಸ್‌ನಲ್ಲಿ ‘ಎಕ್ಸ್‌ಎಂಪಿ’ ಅಥವಾ ‘ಡಿಒಸಿಪಿ’ ಎಂಬ ಒಂದು ಆಯ್ಕೆಯನ್ನು ಒತ್ತದೆ ಹೋದರೆ ಆ ಕಡ್ಡಿ ಜೀವಮಾನವಿಡೀ ಹಾಗೇ ನಿಧಾನವಾಗಿ ಓಡುತ್ತದೆ, ಯಾರೂ ಹೇಳುವುದಿಲ್ಲ. ರೈಜನ್‌ಗಳಲ್ಲಿ ಕೋರ್‌ಗುಂಪುಗಳ ನಡುವಿನ ಒಳಗಿನ ದಾರಿಯ ವೇಗವೂ ಮೆಮೊರಿಯ ವೇಗಕ್ಕೇ ಕಟ್ಟುಬಿದ್ದಿರುವುದರಿಂದ ಏಟು ಎರಡು ಕಡೆ ಬೀಳುತ್ತದೆ. ತಿಂಗಳುಗಟ್ಟಲೆ ಪ್ರೊಸೆಸರ್ ಜೊತೆ ಗುದ್ದಾಡಿದ ಹುಡುಗ ಈ ಒಂದು ಗುಂಡಿ ಒತ್ತಿರಲಿಲ್ಲ! ಫ್ಯಾನಿನ ರೆಕ್ಕೆಗಳ ಮೇಲೆ ಬೆರಳು ದಪ್ಪ ಧೂಳು. ಶಾಖ ಹೀರುವ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಚಿಪ್ಪಿನ ಜೊತೆ ಡಬ್ಬದಲ್ಲೇ ಬಂದ ಪುಟ್ಟ ಕೂಲರ್ ಮೇಲೆ 4.1 ಬೇಕೆಂದು ಹಟ.

ಹಾಗಾದರೆ ಪ್ರೊಸೆಸರ್ ಬದಲಾಯಿಸುವುದೇ ತಪ್ಪೇ? ಖಂಡಿತ ಅಲ್ಲ. ಓವರ್‌ಕ್ಲಾಕ್‌ಗಾಗಿ ಬದಲಾಯಿಸುವುದು ತಪ್ಪು. ಹುಡುಗನ ಅದೃಷ್ಟಕ್ಕೆ ಅವನದು ಎಎಂ4 ಸಾಕೆಟ್. ಅದರ ಮೇಲೆ 2017ರ ಮೊದಲ ರೈಜನ್ ಕೂರುತ್ತದೆ, 2022ರಲ್ಲಿ ಬಂದ ರೈಜನ್ 5 5600ವೂ ಕೂರುತ್ತದೆ. ಅದಕ್ಕೂ ಆರು ಕೋರ್, ಅದಕ್ಕೂ 65 ವ್ಯಾಟ್ ಎಂಬ ಅದೇ ಮಿತಿ. ಆದರೆ ತಾನಾಗಿ ಏರುವ ವೇಗ 4.4, ಮೇಲಾಗಿ ಒಂದೊಂದು ತಾಳಕ್ಕೂ ಮಾಡುವ ಕೆಲಸ ಬಹಳ ಹೆಚ್ಚು. ಎಎಂಡಿ ಹೇಳಿಕೊಂಡದ್ದು ನಡುವಿನ ಪೀಳಿಗೆಯಲ್ಲಿ ಶೇ. 15, ಆಮೇಲಿನದರಲ್ಲಿ ಶೇ. 19. ಕಂಪನಿಯ ಮಾತಿನಲ್ಲಿ ಸ್ವಲ್ಪ ಜಳ್ಳು ಕಳೆದರೂ ಒಂದು ಕೋರಿನ ಲೆಕ್ಕದಲ್ಲಿ ಒಂದೂವರೆ ಪಟ್ಟಿನ ಸಮೀಪಕ್ಕೆ ಬರುತ್ತದೆ. ವೋಲ್ಟೇಜ್ ತಿರುಚುವುದು ಬೇಡ, ನೀಲಿ ಪರದೆಯೂ ಬೇಡ. ಸೆಲೆರಾನ್ ಕಾಲದ ಆ ಒಂದೂವರೆ ಪಟ್ಟು ಈಗ ಸಿಗುವುದು ಹೀಗೆ.

ಇನ್ನೂ ಮಜಾ ನೋಡಿ. ಅದೇ ಸಾಕೆಟ್ಟಿಗೆ 2022ರ ಏಪ್ರಿಲ್‌ನಲ್ಲಿ ಬಂದ 5800ಎಕ್ಸ್3ಡಿ ಚಿಪ್ಪಿನ ಗುಣಕಕ್ಕೆ ಎಎಂಡಿಯೇ ಬೀಗ ಹಾಕಿತು. ಓವರ್‌ಕ್ಲಾಕ್ ಮಾಡುವ ಹಾಗೇ ಇಲ್ಲ. ತಲೆಯ ಮೇಲೆ ಇನ್ನೊಂದು ಪದರ ಮೆಮೊರಿ ಹೊತ್ತು, ಒಟ್ಟು 96 ಎಂಬಿ ಎಲ್3 ಕ್ಯಾಶ್ ಇಟ್ಟುಕೊಂಡಿದ್ದ ಅದು ಗೇಮ್‌ಗಳಲ್ಲಿ ತನಗಿಂತ ಹೆಚ್ಚು ಗಿಗಾಹರ್ಟ್ಸ್‌ ಓಡುವ ಚಿಪ್‌ಗಳನ್ನು ಹಿಂದೆ ಹಾಕಿತು. ಬರೀ ಗಿಗಾಹರ್ಟ್ಸ್ ನೋಡಿ ಚಿಪ್ ಅಳೆಯುವವರು ಅದನ್ನು ಒಮ್ಮೆ ನೆನೆಯಬೇಕು.

ಇಂಟೆಲ್ ಬಳಸುವವರ ಪಾಡು ಬೇರೆ. 2011ರಿಂದೀಚೆಗೆ ಹೆಸರಿನ ಕೊನೆಗೆ ‘ಕೆ’ ಇರುವ ಚಿಪ್ಪಿಗೆ, ಅದೂ ಹೆಚ್ಚಾಗಿ ‘ಝಡ್’ ಸರಣಿಯ ಬೋರ್ಡ್ ಇದ್ದರೆ, ಗುಣಕ ತಿರುಗಿಸುವ ಭಾಗ್ಯ. ಓವರ್‌ಕ್ಲಾಕ್ ಆಸೆಗೆ ಚಿಪ್ ಬದಲಾಯಿಸಲು ಹೊರಟರೆ ಬೋರ್ಡ್ ಕೂಡ ಹೋಗುತ್ತದೆ, ಎಷ್ಟೋ ಸಲ ಕೂಲರ್ ಮತ್ತು ಪವರ್ ಸಪ್ಲೈ ಕೂಡ. ಕಾರ್ಖಾನೆಯೇ ಚಿಪ್ಪನ್ನು ಅಂಚಿಗೆ ದೂಡಿದರೆ ಏನಾಗುತ್ತದೆ ಎನ್ನುವುದಕ್ಕೂ ಅಲ್ಲಿ ಸಾಕ್ಷಿಯಿದೆ: 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಚಿಪ್‌ಗಳು ಅತಿಯಾದ ವೋಲ್ಟೇಜಿನಿಂದ ಕೆಡುತ್ತಿವೆ ಎಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ತಿದ್ದುಪಡಿಯ ಮೈಕ್ರೊಕೋಡ್ ಬಿಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್‌ಹ್ಯಾಂಡ್‌ನಲ್ಲಿ ಅಂಥದ್ದನ್ನು ತೆಗೆದುಕೊಳ್ಳುವವರು ಎರಡು ಸಲ ಯೋಚಿಸಲಿ. ‘4.2 ಎತ್ತುತ್ತೆ’ ಎಂಬ ಆ ಹಳೆಯ 2600ಕ್ಕೂ ಇದೇ ಮಾತು. ಅದು ಅಷ್ಟು ಎತ್ತುತ್ತದೆ ಎಂದು ಗೊತ್ತಿದೆಯೆಂದರೆ ಯಾರೋ ಅದಕ್ಕೆ ಹೆಚ್ಚು ವೋಲ್ಟೇಜ್ ಉಣಿಸಿ ದುಡಿಸಿದ್ದಾರೆ ಎಂದೇ ಅರ್ಥ.

ಓವರ್‌ಕ್ಲಾಕ್ ಒಂದು ಆಟವಾಗಿ ನನಗೆ ಇಷ್ಟವೇ. 2022ರ ಡಿಸೆಂಬರ್‌ನಲ್ಲಿ ಇಂಟೆಲ್‌ನ 13900ಕೆ ಮೇಲೆ ದ್ರವ ಹೀಲಿಯಂ ಸುರಿದು 9 ಗಿಗಾಹರ್ಟ್ಸ್ ದಾಟಿಸಿದವರಿದ್ದಾರೆ. ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಅದು. ಅವರು ಆ ಕಂಪ್ಯೂಟರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವುದಿಲ್ಲ. ನಮ್ಮ ಬಿಸಿಲ ಸೀಮೆಗೆ ಒಗ್ಗುವ ಆಟ ಅದರ ಉಲ್ಟಾ: ವೇಗ ಹಾಗೇ ಇಟ್ಟು ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ, ಎಲ್ಲಿಯವರೆಗೆ ಸ್ಥಿರವಾಗಿ ಓಡುತ್ತದೆ ಎಂದು ನೋಡುವುದು. ಗಟ್ಟಿಕಾಯಿ ಯಾವುದೆಂದು ಅದರಲ್ಲೂ ಗೊತ್ತಾಗುತ್ತದೆ. ಕೋಣೆ ತಣ್ಣಗಿರುತ್ತದೆ, ಫ್ಯಾನು ಕಿರುಚುವುದಿಲ್ಲ, ಹಲವು ಸಲ ಸರಾಸರಿ ವೇಗವೂ ಏರಿರುತ್ತದೆ, ಏಕೆಂದರೆ ಶಾಖಕ್ಕೆ ಹೆದರಿ ಚಿಪ್ ಹಿಂದೆ ಸರಿಯುವುದು ತಪ್ಪುತ್ತದೆ.

ಹುಡುಗ ಸದ್ಯ ಇನ್ನೊಂದು 8 ಜಿಬಿ ಕಡ್ಡಿ ಹಾಕಿಸಿದ್ದಾನೆ. 2600 ಅಲ್ಲೇ ಇದೆ, ಕಂಪನಿ ಕೊಟ್ಟ ವೇಗದಲ್ಲೇ. ಮದುವೆ ಸೀಸನ್ ಮುಗಿದ ಮೇಲೆ 5600 ತರುವ ಯೋಚನೆಯಿದೆ. ಅವನಂತೆ ಹೊರಟವರಿಗೆ ಎರಡು ಮಾತು. 5600ರಲ್ಲಿ ಒಳಗೇ ಇರುವ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಇಲ್ಲದವರು ಹೆಸರಿನ ಕೊನೆಗೆ ‘ಜಿ’ ಇರುವುದನ್ನೇ ಕೇಳಿ, ಇಲ್ಲದಿದ್ದರೆ ಪರದೆಯೇ ಹೊತ್ತುವುದಿಲ್ಲ. ಹಳೆಯ ಬಿ450 ಬೋರ್ಡಿಗೆ ಹೊಸ ಚಿಪ್ಪಿನ ಗುರುತು ಹತ್ತಬೇಕಾದರೆ, ಹಳೆಯ ಚಿಪ್ ಇನ್ನೂ ಸಾಕೆಟ್ಟಿನಲ್ಲಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಿ. ಆ ಐದು ನಿಮಿಷದಲ್ಲಿ ಕರೆಂಟು ಹೋದರೆ ಬೋರ್ಡೇ ಹೋದಂತೆ, ಹಾಗಾಗಿ ಆ ದಿನದ ಮಟ್ಟಿಗಾದರೂ ಯಾರ ಹತ್ತಿರವಾದರೂ ಒಂದು ಯುಪಿಎಸ್ ಕೇಳಿ ತನ್ನಿ.